ಬಿಳಿ ಕೋಟಿನ ನಾಯಿ

"ಮೂರು ಹಿಡಿ ಸಾಕು ಅತ್ತಿಗೆ, ಸಾಕು ಬಿಡಿ," ಎಂದು ಲಾರೆನ್ಸ್ ಹೆಲನ್‌ಳ ಮಣಿಕಟ್ಟು ಹಿಡಿದುಕೊಂಡ. ಅವಳ ಮುಷ್ಟಿಯಲ್ಲಿ ಇನ್ನೂ ಮಣ್ಣಿತ್ತು. ಗಂಡನ ಗುಂಡಿಗೆ ಎಷ್ಟು ಮಣ್ಣು ಹಾಕಬೇಕೆಂಬುದನ್ನೂ ಮೈದುನನೇ ಹೇಳಬೇಕೇ? ಬೆಳಗಿನಿಂದಲೂ ಹೀಗೇ ನಡೆದಿತ್ತು. ಯಾವ ಸೀರೆ ಉಡಬೇಕು, ಶವಪೆಟ್ಟಿಗೆಯ ಯಾವ ಬದಿಗೆ ನಿಲ್ಲಬೇಕು, ಎಲ್ಲವನ್ನೂ ಅವನೂ ಅವನ ಹೆಂಡತಿ ಜೆನೆವಿವ್‌ಳೂ ಹೇಳಿಕೊಡುತ್ತಿದ್ದರು. ಹೆಲನ್ ಮುಷ್ಟಿ ಬಿಚ್ಚಿದಳು.

ನೈರೋಬಿಯ ಸ್ಮಶಾನದಿಂದ ಹೊರಟ ಕಾರಿನಲ್ಲಿ ಲಾರೆನ್ಸ್ ಮಾತು ತೆಗೆದ. "ಮುಂದಿನ ತಿಂಗಳು ನಿಮ್ಮನ್ನು ಮಂಗಳೂರಿಗೆ ಕಳಿಸುವುದು ಅಂತ ಮಾಡಿದ್ದೇವೆ. ನಿಮ್ಮ ತಂಗಿಯ ಮನೆ ಉಂಟಲ್ಲ. ಹೈರಿಡ್ಜ್‌ನ ಮನೆ ನಾನು ನೋಡಿಕೊಳ್ತೇನೆ."

"ನಾನು ಎಲ್ಲಿಗೂ ಹೋಗುವುದಿಲ್ಲ. ನನ್ನ ಮನೆಯಲ್ಲೇ ಇರ್ತೇನೆ."

"ಒಬ್ಬರೇ ಹೇಗೆ ಇರ್ತೀರಿ ಮಾರಾಯ್ರೆ? ಮಟಾಟು ವ್ಯಾನಿನವ ಚಿಲ್ಲರೆ ಸರಿ ಕೊಟ್ಟನಾ ಅಂತ ಸಹ ನಿಮಗೆ ಗೊತ್ತಾಗುವುದಿಲ್ಲ. ಇಷ್ಟು ವರ್ಷದಲ್ಲಿ ಆ ನಾಯಿ ರೇಸಾದರೂ ಅರ್ಥ ಆಯಿತಾ ನಿಮಗೆ?"

ಜೆನೆವಿವ್ ಕರವಸ್ತ್ರದಿಂದ ಮುಖ ಮುಚ್ಚಿಕೊಂಡಳು. ನಕ್ಕಳು, ಇನ್ನೇನು! ಸತ್ತವನನ್ನು ಮಣ್ಣು ಮಾಡಿ ಇನ್ನೂ ಯಾರೂ ಕೈ ತೊಳೆದಿರಲಿಲ್ಲ.

* * *

ನಾಯಿ ರೇಸ್ ಎಂದರೆ ನೈರೋಬಿಯಲ್ಲಿ ನಾಯಿಗಳೇನೂ ಓಡುತ್ತಿರಲಿಲ್ಲ. ಪಾರ್ಕ್‌ಲ್ಯಾಂಡ್ಸ್‌ನಲ್ಲಿದ್ದ ಊರಿನವರ ಕ್ಲಬ್ಬಿಗೆ ಎಂಬತ್ತೆರಡನೇ ಇಸವಿಯಿಂದ ಪ್ರತಿ ಕ್ರಿಸ್ಮಸ್ಸಿಗೂ ಇಂಗ್ಲೆಂಡಿನಿಂದ ಒಂದು ವಿಡಿಯೊ ಕ್ಯಾಸೆಟ್ ಬರುತ್ತಿತ್ತು. ಅದರಲ್ಲಿ ಎಂದೋ ಓಡಿ ಮುಗಿಸಿದ ಗ್ರೇಹೌಂಡ್ ನಾಯಿಗಳು. ಓಟಕ್ಕೆ ಆರು, ಆರಕ್ಕೂ ಬೇರೆ ಬೇರೆ ಬಣ್ಣದ ಕೋಟು. ಯಾರೂ ಮೊದಲೇ ನೋಡಬಾರದೆಂದು ಡಬ್ಬಿಗೆ ಕೆಂಪು ಅರಗಿನ ಮುದ್ರೆ. ಎಲ್ಲರೂ ಬಾಜಿ ಕಟ್ಟಿದ ಮೇಲೆಯೇ ಅದನ್ನು ಒಡೆಯುವುದು. ಅಲ್ಲಿಯವರೆಗೆ ಕ್ಯಾಸೆಟ್ ಇರುತ್ತಿದ್ದುದು ಕಾರ್ಯದರ್ಶಿಯಾಗಿದ್ದ ಹೆಲನ್‌ಳ ಗಂಡ ಫೆಲಿಕ್ಸ್‌ನ ಮನೆಯಲ್ಲಿ. ಪ್ರಾಮಾಣಿಕ ಮನುಷ್ಯ ಅಲ್ಲವೇ!

ಆ ಪ್ರಾಮಾಣಿಕ ಮನುಷ್ಯ ಬಿಸಿ ಚಾಕುವಿನಿಂದ ಅರಗು ಎಬ್ಬಿಸುವುದನ್ನು ಹೆಲನ್ ಮೊದಲ ವರ್ಷವೇ ನೋಡಿದಳು. ಅವನು ನಾಚಲೂ ಇಲ್ಲ. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕ್ಯಾಸೆಟ್ ಹಾಕಿ ಪಾಠ ಮಾಡಿದ.

"ವಿನ್ ಅಂದ್ರೆ ನೀನು ಹೇಳಿದ ನಾಯಿಯೇ ಮೊದಲು ಬರಬೇಕು. ಪ್ಲೇಸ್ ಅಂದ್ರೆ ಮೊದಲೋ ಎರಡನೆಯದೋ, ಯಾವುದಾದರೂ ಆದೀತು. ಫೋರ್‌ಕಾಸ್ಟ್ ಅಂದ್ರೆ ಮೊದಲು ಯಾವುದು, ಎರಡನೆಯದು ಯಾವುದು, ಅದೇ ಸಾಲಿನಲ್ಲಿ ಹೇಳಬೇಕು."

"ಮೂರನೆಯದನ್ನೂ ಹೇಳಿದರೆ?"

"ಅದು ಟ್ರೈಕಾಸ್ಟ್. ಅದನ್ನು ನಾನು ಮುಟ್ಟುವುದಿಲ್ಲ, ಅನುಮಾನ ಬರ್ತದೆ. ಫೋರ್‌ಕಾಸ್ಟ್ ಒಂದು ಹೊಡೆದು ಸುಮ್ಮನಾಗ್ತೇನೆ."

"ಮತ್ತೆ ನಾನು?"

"ನೀನು ಬಿಳಿ ಕೋಟಿನದಕ್ಕೆ ವಿನ್ ಹಾಕು. ಅದು ಯಾವ ಓಟದಲ್ಲಿ ಸೋಲ್ತದೆ ಅಂತ ನಾನು ಹೇಳ್ತೇನೆ. ಗಂಡ ಹೆಂಡತಿ ಇಬ್ಬರೂ ಗೆದ್ದರೆ ಜನ ಸುಮ್ಮನಿರ್ತಾರಾ?"

ಅವಳು ಹಾಕಿದಳು, ವರ್ಷ ವರ್ಷವೂ ಹಾಕಿದಳು. ಅವನು ತನ್ನದನ್ನು ಗೆದ್ದು, "ನಾಯಿಯ ಹೆಸರು ಓದಿದರೆ ಸಾಕು, ಓಟ ಗೊತ್ತಾಗ್ತದೆ," ಎಂದು ಮೀಸೆ ತೀಡುತ್ತಿದ್ದ. ಆಮೇಲೆ ಮೈಕ್ ಹಿಡಿದು, "ನನ್ನ ಹೆಲನ್ ಈ ಸಲವೂ ಬಿಳಿ ನಾಯಿಯನ್ನೇ ನಂಬಿದ್ದಾಳೆ," ಎನ್ನುತ್ತಿದ್ದ. ಹಾಲ್‌ನವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಮೊದಮೊದಲು ಮನೆಗೆ ಬರುವ ದಾರಿಯಲ್ಲಿ, "ಚೆನ್ನಾಗಿ ಮಾಡಿದೆ," ಎಂದು ಬೆನ್ನು ತಟ್ಟುತ್ತಿದ್ದವನು ಬರಬರುತ್ತ ತಾನೂ ನಿಜವಾಗಿಯೇ ನಗತೊಡಗಿದ. ಅವಳನ್ನು ದಡ್ಡಿ ಮಾಡಿದವನು ತಾನೇ ಎಂಬುದು ಅವನಿಗೂ ಮರೆತುಹೋಯಿತು. ಮನೆಯಲ್ಲಿ ಲೈಟಿನ ಬಿಲ್ಲಿನ ಮಾತು ಬಂದರೂ, "ನಿನಗೆ ತಿಳಿಯುವುದಿಲ್ಲ ಬಿಡು," ಎನ್ನುತ್ತಿದ್ದ. ಅದು ಅವಳ ಹೊಟ್ಟೆ ಉರಿಸುತ್ತಿತ್ತು.

* * *

ಸ್ಮಶಾನದಿಂದ ಬಂದವರಿಗೆ ಕ್ಲಬ್ಬಿನ ಹಾಲ್‌ನಲ್ಲಿ ಚಹಾ, ಸಮೋಸ ಹಂಚುತ್ತಿದ್ದರು. ಮೈಸೂರು ಕಡೆಯ ವಾಮನ ಮೇಷ್ಟ್ರು ಎದ್ದು ಗಂಟಲು ಸರಿಮಾಡಿಕೊಂಡರು.

"ಈ ವರ್ಷದ ಕ್ಯಾಸೆಟ್ ಬಂದಿದೆ. ಲಾರೆನ್ಸ್ ಅವರು ಅಣ್ಣನ ಮನೆಯಿಂದ ತಂದಿದ್ದಾರೆ. ಮುದ್ರೆ ನೋಡಿ, ಹಾಗೇ ಇದೆ. ಫೆಲಿಕ್ಸ್ ನೆನಪಿಗೆ ಒಂದೇ ಒಂದು ರೇಸ್ ಹಾಕೋಣ್ರೀ. ಬಂದ ಹಣ ಅವರ ಹೆಸರಿನ ಪೂಜೆಗೆ."

ಹಾಗೇ ಇದೆಯಂತೆ! ಆಸ್ಪತ್ರೆಗೆ ಸೇರುವ ಮುಂಚೆ ಫೆಲಿಕ್ಸ್‌ನ ಕೈ ನಡುಗುತ್ತಿತ್ತು. ಈ ಸಲ ಅರಗು ಕಾಯಿಸಿ ಮತ್ತೆ ಅಂಟಿಸಿದವಳು ಹೆಲನ್.

ಮೇಷ್ಟ್ರು ಚೀಟಿ ಬರೆಯುತ್ತ ಅವಳ ಬಳಿ ಬಂದರು. "ಹೆಲನಮ್ಮ, ನಿಮ್ಮದು ಬಿಳೀದೇ ತಾನೇ? ಕೇಳೋದೇನು, ಬರ್ಕೊಂಡೆ."

ಸಾವಿನ ಮನೆಯವರೆಂದು ಜನ ಮೆಲ್ಲಗೆ ನಕ್ಕರು. ಹೆಲನ್‌ಗೆ ಮೈಯೆಲ್ಲ ಉರಿಯಿತು. ಸುಮ್ಮನಿದ್ದರೆ ಗಂಡನ ಹೆಸರು ಉಳಿಯುತ್ತದೆ, ನಾನು ಮಂಗಳೂರಿನಲ್ಲಿ ತಂಗಿಯ ಮನೆಯ ಹಿಂದಿನ ಕೋಣೆ ಸೇರುತ್ತೇನೆ. ಬಾಯಿ ಬಿಟ್ಟರೆ ಅವನು ಕಳ್ಳ, ನಾನು ದಡ್ಡಿಯಲ್ಲ. ಆಗಲಿ! ಅವನು ಮಣ್ಣಿನ ಕೆಳಗಿದ್ದಾನೆ, ನಾನು ಮೇಲಿದ್ದೇನೆ.

"ಹೊಡೆದುಹಾಕಿ ಮೇಷ್ಟ್ರೇ. ನನ್ನದು ಟ್ರೈಕಾಸ್ಟ್. ಮೊದಲು ಕಿತ್ತಳೆ, ಆಮೇಲೆ ಕಪ್ಪು, ಮೂರನೆಯದು ನೀಲಿ."

"ಅಯ್ಯೋ ದೇವರೇ, ಇವರಿಗೆ ಯಾರು ಹೇಳಿಕೊಟ್ಟದ್ದು!" ಎಂದಳು ಜೆನೆವಿವ್.

ಮುದ್ರೆ ಒಡೆದರು. ಟಿವಿಯಲ್ಲಿ ನಾಯಿಗಳು ಚಿಮ್ಮಿದವು, ತಿರುವಿನಲ್ಲಿ ಒಂದನ್ನೊಂದು ನೂಕಿದವು. ಕಿತ್ತಳೆ ಗೆರೆ ದಾಟಿತು. ಹಿಂದೆ ಕಪ್ಪು. ಅದರ ಹಿಂದೆ ನೀಲಿ. ಹೆಲನ್ ಎದ್ದು ನಿಂತಳು.

"ನನಗೆ ಮೊದಲೇ ಗೊತ್ತಿತ್ತು. ಫೆಲಿಕ್ಸ್..."

"ಅಣ್ಣನೇ!" ಎಂದು ಲಾರೆನ್ಸ್ ಕೂಗಿದ. "ಅಣ್ಣನೇ ಮೇಲಿನಿಂದ ಹೇಳಿಸಿದ್ದು!"

ಜನ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಹೋದ ಮೇಲೂ ಹೆಂಡತಿ ಕೈ ಬಿಡಲಿಲ್ಲ ನೋಡ್ರಿ, ಎಂಥ ಮನುಷ್ಯ!" ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು.

"ಅಲ್ಲ! ಮನೆಯಲ್ಲಿ ಇಬ್ಬರೂ ನೋಡಿದ್ದೆವು! ಚಾಕು ಕಾಯಿಸಿ ಮುದ್ರೆ ತೆಗೆದು..."

"ಮುದ್ರೆ ಈಗ ನಾನೇ ಒಡೆದೆನಲ್ಲಮ್ಮ," ಎಂದರು ಮೇಷ್ಟ್ರು, ಮಗುವಿಗೆ ಹೇಳುವವರಂತೆ.

"ನೋಡಿದಿರಲ್ಲ," ಎಂದು ಲಾರೆನ್ಸ್ ಮೇಷ್ಟ್ರ ಕಿವಿಯ ಬಳಿ ದನಿ ತಗ್ಗಿಸಿದ. "ದುಃಖ ತಲೆಗೂ ಹತ್ತಿದೆ. ಮುಂದಿನ ತಿಂಗಳು ಬೇಡ, ಈ ವಾರವೇ ಕಳಿಸಿಬಿಡ್ತೇನೆ."

"ಎರಡನೆಯ ಓಟ ಹಾಕಿ! ಅದನ್ನೂ ಹೇಳ್ತೇನೆ, ಹಾಕಿ!"

ಟಿವಿಯ ವಯರನ್ನು ಆಗಲೇ ಸುತ್ತಿಡುತ್ತಿದ್ದರು. ಜೆನೆವಿವ್ ಅವಳನ್ನು ಭುಜ ಹಿಡಿದು ಕೂರಿಸಿದಳು. ಚಹಾವನ್ನು ಸಾಸರಿಗೆ ಬಗ್ಗಿಸಿ ಉಫ್ ಉಫ್ ಎಂದು ಆರಿಸಿದಳು. ಎರಡನೆಯ ಓಟದಲ್ಲಿ ಗೆದ್ದ ನಾಯಿಯ ಬಣ್ಣ ಹೇಳಲು ಹೆಲನ್ ತುಟಿ ತೆರೆದಳು. ತೆರೆದ ತುಟಿಗೆ ಜೆನೆವಿವ್ ಸಾಸರ್ ಹಿಡಿದಳು.