ರಿವರ್ಸ್ ಮಾತ್ರ ಬೀಳುವ ಕಾರು

ಟಕ್ ಅಂತ ಅಂಗೈಯೊಳಗೇ ಏನೋ ತುಂಡಾದ ಹಾಗಾಯಿತು, ಆಮೇಲೆ ಗೇರಿನ ಕಡ್ಡಿ ನೀರು ಜಾಸ್ತಿಯಾದ ಹಿಟ್ಟಿನಲ್ಲಿ ನೆಟ್ಟ ಸೌಟಿನ ಹಾಗೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ವಾಲಾಡಿತು, ಒಂದನೇ ಗೇರಿಲ್ಲ, ಎರಡನೆಯದೂ ಇಲ್ಲ, ಒಂದು ದಿನವೂ ಕೈಕೊಟ್ಟ ಕಾರಲ್ಲ ಇದು, ಹೆರಿಗೆ ಆಸ್ಪತ್ರೆಯಿಂದ ಈ ಮಗಳನ್ನು ಮನೆಗೆ ತಂದದ್ದೂ ಇದೇ, ಕೈಕೊಡೋಕೆ ಇವತ್ತೇ ಆಗಬೇಕಿತ್ತಾ ಪುಣ್ಯಾತ್ಗಿತ್ತಿ — ಅಲ್ಲ, ಇವತ್ತೇ ಕೊಟ್ಟೆಯಲ್ಲ, ನಿನ್ನ ಹೊಟ್ಟೆ ತಣ್ಣಗಿರಲಿ. ಮೆಕ್ಯಾನಿಕ್ ಫೋನಿನಲ್ಲೇ ನಕ್ಕ, ಗೇರ್ ಕೇಬಲ್ ಹೋಗಿರ್ಬೇಕು ಸಾರ್, ರಿವರ್ಸ್ ಬೀಳುತ್ತಾ, ಬೀಳುತ್ತೆ, ಹಂಗಾದ್ರೆ ನಿಧಾನಕ್ಕೆ ಹಿಂದ್‌ಹಿಂದೇ ಹೋಗಿ. ಅಮ್ಮನ ಮನೆ ಇಲ್ಲೇ ಅಲ್ವಾಪ್ಪ, ನಡ್ಕೊಂಡೇ ಹೋಗೋಣ, ಅಂದಳು ಮಗಳು ಹಿಂದಿನ ಸೀಟಿನಿಂದ. ನಡೆದರೆ ಎಷ್ಟು ಹೊತ್ತು, ಕಣ್ಣುಮುಚ್ಚಿ ತೆಗೆಯೋದರಲ್ಲಿ ಗೇಟು ಬಂದುಬಿಡುತ್ತೆ. ಬ್ಯಾಗು ಭಾರ ಇದೆ ಪುಟ್ಟಿ, ಅಂದ ಅವನು, ದಿನಾ ಬೆಳಗಾದರೆ ಬೇಕರಿಯಲ್ಲಿ ಮೈದಾ ಮೂಟೆ ಬೆನ್ನಿಗೇರಿಸೋ ಮನುಷ್ಯ, ನಾಚಿಕೆಯಾಗಬೇಕು.

ಬೀದಿಯ ತಿರುವಿನಲ್ಲಿ ಹಿಂದಹಿಂದಕ್ಕೇ ಹೊರಳಿಸಿ ಕಾರಿನ ಬೆನ್ನನ್ನು ಗೇಟಿನ ಕಡೆಗೆ ಮಾಡಿಕೊಂಡ. ಎಡಗೈ ಪಕ್ಕದ ಸೀಟಿನ ಬೆನ್ನ ಮೇಲೆ, ಕತ್ತು ಹಿಂದಕ್ಕೆ, ಕಾರು ಆಮೆಯ ಹಾಗೆ ಹಿಂದಹಿಂದಕ್ಕೆ, ಎದುರಿಗೇ ಅವಳ ಮುಖ — ಇದನ್ನು ಯೋಚಿಸಿಯೇ ಇರಲಿಲ್ಲ. ಗಂಡ ಹೆಂಡತಿ ಬೇರೆಯಾದ ಮೇಲೆ ಪ್ರತಿ ಭಾನುವಾರ ಸಂಜೆ ಇವಳನ್ನು ಈ ಬೀದಿಗೆ ತಂದು ಬಿಡೋದು ಅವನೇ, ನಾಳೆ ಬೆಳಿಗ್ಗೆ ತಾಯಿಮಗಳು ದೂರದ ಊರಿಗೆ, ಅಲ್ಲಿ ಅವಳಮ್ಮನಿಗೆ ಕೆಲಸ, ಇನ್ನು ರಜಾ ಬಂದರೆ ಉಂಟು ಇಲ್ಲದಿದ್ದರೆ ಇಲ್ಲ. ಅವಳಮ್ಮ ಮೊದಲೇ ಹೇಳಿದ್ದಳು, ಅವಳೆದುರು ಅಳಬೇಡಿ, ನೀವು ಅತ್ತರೆ ಹೋಗಲ್ಲ ಅಂತ ಹಟ ಹಿಡೀತಾಳೆ, ನಿಮ್ಮ ದಮ್ಮಯ್ಯ. ಸರಿ ಅಂದಿದ್ದ. ಮುಂದಕ್ಕೆ ಓಡಿಸುವವನಿಗೆ ಅದೇನು ಕಷ್ಟ, ಅವಳಿಗೆ ಕಾಣೋದು ಬೆನ್ನು ತಾನೇ, ಬೆನ್ನಿಗೆಲ್ಲಿ ಕಣ್ಣೀರು ಬರುತ್ತೆ. ಈಗ ನೋಡು. ಮೂಗಿನ ಮೇಲೆ ಸಣ್ಣ ಗೀರು, ಅದು ಯಾವಾಗ ಆಯ್ತು, ಬಿದ್ದ ಕೋರೆಹಲ್ಲಿನ ಜಾಗದಲ್ಲಿ ಅರ್ಧ ಬಂದ ಹಲ್ಲು, ಅದು ಪೂರ್ತಿ ಬರೋದನ್ನು ನೋಡೋರು ಯಾರು, ಯಾಕಪ್ಪ ಹಂಗ್ ನೋಡ್ತೀಯಾ, ರಸ್ತೆ ನೋಡ್ತಿದೀನಿ ಕಣೇ, ನಾನು ಅಡ್ಡ ಬರ್ತೀನಾ, ಇಲ್ಲ ಬಂಗಾರ, ಇಲ್ಲ ಅಂದರೂ ಒಂದು ಗೇಣು ಸರಿದಳು. ಸೈಕಲ್ಲಿನವನೊಬ್ಬ ಇಳಿದು ನಿಂತು ನಗುತ್ತಾನೆ, ನಗಲಿ, ನಿನ್ನ ಅಪ್ಪನ ಗಂಟೇನು ಹೋಯ್ತು, ಇನ್ನೂ ನಿಧಾನ, ಹೋಗಬೇಡ ಅಂತ ಒಂದೇ ಒಂದು ಮಾತು, ನಾಲಿಗೆಯ ತುದಿಗೇ ಬಂದಿದೆ, ಹೋಗ್‌ಬೇಡ ಕಣೇ, ಅಂದುಬಿಟ್ಟರೆ ಮುಗೀತು, ಅವಳು ಹೋಗಲ್ಲ, ಅಂದರೆ ಅವಳಮ್ಮನ ಪಾಡೇನು, ಹಲ್ಲು ಕಚ್ಚು, ಕಚ್ಚು, ಕಚ್ಚಿದರೆ ಕಣ್ಣು ಕೇಳುತ್ತಾ, ಗಾಜು ಮಂಜಾಯಿತು, ಬೀದಿ ಕಲಸಿಹೋಯಿತು, ಬ್ರೇಕು ಒತ್ತಿದ.

ಏನಾಯ್ತಪ್ಪ.

ಕಾಣ್ತಿಲ್ಲ ಪುಟ್ಟಿ.

ನಾನೇ ಅಡ್ಡ, ಅಂದುಕೊಂಡಳೋ ಏನೋ, ಕೂತಲ್ಲೇ ಜರುಗಿ, ಇನ್ನೂ ಜರುಗಿ, ಅವನ ಸೀಟಿನ ಹಿಂದಕ್ಕೇ ಹೋಗಿ ಮುದುರಿಕೊಂಡಳು, ಎಷ್ಟು ಕತ್ತು ತಿರುಗಿಸಿದರೂ ಕಾಣದ ಮೂಲೆಗೆ, ಈಗ ಕಾಣುತ್ತಾಪ್ಪ, ಅಂದಳು ಅಲ್ಲಿಂದ, ಕಾಣುತ್ತೆ ಮಗಳೇ, ಚೆನ್ನಾಗಿ ಕಾಣುತ್ತೆ, ಗಾಜು, ಗಾಜಿನಾಚೆ ಬೀದಿ, ಬೀದಿಯ ಕೊನೆಗೆ ಗೇಟು, ಈಚೆಗೆ ಸೀಟು, ಅವಳು ಕೂತಿದ್ದ ಕಡೆ ಇನ್ನೂ ತಗ್ಗಾಗಿರುವ ಸೀಟು, ಖಾಲಿ ಸೀಟು —