ಎಡಗಡೆಯ ಹಿಂಬಾಗಿಲು

ಡೋರ್ ಪ್ಯಾಡ್ ಕಳಚುವುದು ಲತೀಶ ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಹಿಡಿಕೆಯ ಹಿಂದೆ ಅಡಗಿದ್ದ ಸ್ಕ್ರೂ ಬಿಚ್ಚಿ, ಅಡುಗೆಮನೆಯಿಂದ ತಂದ ಮರದ ಸಟ್ಟುಗವನ್ನು ಅಂಚಿಗೆ ತೂರಿಸಿ ಮೆಲ್ಲಗೆ ಎಬ್ಬಿಸಿದಾಗ ಪ್ಲಾಸ್ಟಿಕ್ ಕ್ಲಿಪ್ಪುಗಳು ಒಂದೊಂದಾಗಿ ಬಿಟ್ಟುಕೊಂಡವು. ಭಾನುವಾರ ಬೆಳಿಗ್ಗೆ, ವರ್ತಕ ನಗರದ ಸೊಸೈಟಿಯ ಪಾರ್ಕಿಂಗಿನಲ್ಲಿ ಹಳೆಯ ಬೆಡ್‌ಶೀಟು ಹಾಸಿ, ಕಾರಿನ ಎಡಗಡೆಯ ಹಿಂಬಾಗಿಲಿನ ಒಳಮೈಯನ್ನು ಅದರ ಮೇಲೆ ಅಂಗಾತ ಮಲಗಿಸಿಕೊಂಡು ಅವನು ಕುಕ್ಕರುಗಾಲಲ್ಲಿ ಕೂತಿದ್ದ.

ನೋಡಿದವರು ದೊಡ್ಡ ಡ್ಯಾಮೇಜು ಎನ್ನುವಂತಿರಲಿಲ್ಲ. ಕೈ ಊರುವಲ್ಲಿ ಬೂದು ರೆಕ್ಸಿನ್ ಗೇಣುದ್ದ ಹರಿದು ಒಳಗಿನ ಸ್ಪಂಜು ಹೊರಗೆ ಬಂದಿತ್ತು. ಹಿಡಿಕೆಯ ಸುತ್ತಲಿನ ಕಪ್ಪು ಚೌಕಟ್ಟು ಕಿತ್ತು ನೇತಾಡುತ್ತಿತ್ತು. ಅದರ ಮೇಲಿನ ಗಟ್ಟಿ ಪ್ಲಾಸ್ಟಿಕ್ಕಿನ ಮೇಲೆ ಗಾಜಿನ ತನಕ ಗೀರುಗಳು, ಒಂದರ ಪಕ್ಕ ಒಂದು.

ಎರಡನೇ ಮಹಡಿಯ ಶೇಖರಣ್ಣ ಹಾಲಿನ ಪ್ಯಾಕೆಟು ಹಿಡಿದು ಬರುತ್ತಿದ್ದವರು ನಿಂತರು.

“ಎಂತ ಲತೀಶ, ಸಂಡೇ ಕೂಡ ಕೆಲಸವಾ?”

“ಜ್ಯೋತ್ಸ್ನಾಳ ಮನೆಯ ನಾಯಿ, ಶೇಖರಣ್ಣ. ಹಿಂದೆ ಕೂರಿಸಿಕೊಂಡು ಬಂದಿದ್ದೆ, ಗೀರಿ ಹಾಕಿತು.”

“ಅದಕ್ಕೆ ನೀನು ಯಾಕೆ ಕೂತದ್ದು? ಮಾಜಿವಾಡಾದಲ್ಲಿ ಆ ಸೀಟ್ ಕವರಿನವ ಇದ್ದಾನಲ್ಲ, ಅರ್ಧ ಗಂಟೆಯಲ್ಲಿ ಹೊಸತು ಮಾಡಿ ಕೊಡ್ತಾನೆ ಮಾರಾಯ.”

“ಇರಲಿ, ನಾನೇ ನೋಡ್ತೇನೆ.”

ಖಾರ್ಘರಿನಲ್ಲಿದ್ದ ತಂಗಿ ಜ್ಯೋತ್ಸ್ನಾಳ ಮನೆಯಲ್ಲಿ ನಾಯಿಯೇ ಇರಲಿಲ್ಲ. ಸೀಟ್ ಕವರಿನವನ ಅಂಗಡಿಯ ಎದುರಿಗೆ ಶುಕ್ರವಾರ ಲತೀಶ ಕಾರು ನಿಲ್ಲಿಸಿದ್ದೂ ಆಗಿತ್ತು. ಆ ಮನುಷ್ಯ ಕೈ ಒರೆಸಿಕೊಳ್ಳುತ್ತ ಎದ್ದು ಬರುವುದು ಕಂಡದ್ದೇ ಗೇರು ಹಾಕಿ ಹೊರಟುಬಿಟ್ಟಿದ್ದ. ದಿನವೂ ಕಾರುಗಳ ಒಳಮೈ ನೋಡುವವನಿಗೆ ನಾಯಿಯ ಉಗುರು ಯಾವುದು, ಮನುಷ್ಯರದು ಯಾವುದು ಎಂದು ಗೊತ್ತಾಗದೆ ಇರುತ್ತದೆಯೇ?

ಅದು ಅವನ ತಾಯಿ ಪದ್ಮಾವತಿಯ ಉಗುರು.

ಪದ್ಮಾವತಿಗೆ ಮರೆವು ಶುರುವಾಗಿ ನಾಲ್ಕನೇ ವರ್ಷ. ಗಂಡನ ಜೊತೆ ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಇಡ್ಲಿ ವಡೆಯ ಕ್ಯಾಂಟೀನು ನಡೆಸಿದವಳು, ನೂರು ಜನರ ಗಲಾಟೆಯಲ್ಲಿ ಯಾರ ಚಟ್ನಿ ಯಾರಿಗೆ ಎಂದು ತಪ್ಪದವಳು, ಈಗ ಮಗನ ಮುಖವನ್ನೇ ಗುರುತು ಹಿಡಿಯುತ್ತಿರಲಿಲ್ಲ. ಮನೆಯಲ್ಲಿ ಒಂದು ಕಡೆ ಕೂರುತ್ತಿರಲಿಲ್ಲ. ಬಾಗಿಲು ತೆಗೆದು ಲಿಫ್ಟಿನ ಹತ್ತಿರ ಹೋಗುವಳು, ಗ್ಯಾಸ್ ತಿರುಗಿಸುವಳು. ಸುಮ್ಮನಾಗುವುದು ಕಾರಿನಲ್ಲಿ ಮಾತ್ರ. ಹಿಂದಿನ ಸೀಟಿನಲ್ಲಿ ಕೂರಿಸಿದರೆ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತ, ಅದು ಊರಿಗೆ ಹೋಗುವ ಬಸ್ಸು ಎಂದೇ ತಿಳಿಯುತ್ತಿದ್ದಳು. ಘೋಡ್‌ಬಂದರ್ ರಸ್ತೆಯಲ್ಲಿ ಹೋಗುತ್ತಿರುವಾಗ “ಡ್ರೈವರಣ್ಣಾ, ಕಾಪು ಬಂತಾ?” ಎಂದು ತುಳುವಿನಲ್ಲಿ ಕೇಳುವಳು. “ಇನ್ನು ಸ್ವಲ್ಪ ಉಂಟಮ್ಮ” ಎಂದರೆ ಅವಳಿಗೆ ಸಮಾಧಾನ. ನಡುವೆ ಬಾಗಿಲು ತೆಗೆದಾಳು ಎಂದು ಹಿಂಬಾಗಿಲಿಗೆ ಚೈಲ್ಡ್ ಲಾಕ್ ಹಾಕಿಟ್ಟಿದ್ದ. ಒಳಗಿನಿಂದ ಎಷ್ಟು ಎಳೆದರೂ ಅದು ತೆಗೆಯುತ್ತಿರಲಿಲ್ಲ.

ಅವಳನ್ನು ನೋಡಿಕೊಳ್ಳುತ್ತಿದ್ದ ಚಂದ್ರಬಾಯಿ ಮಗಳ ಬಾಣಂತನಕ್ಕೆಂದು ಊರಿಗೆ ಹೋದವಳು ಹಿಂದಿರುಗಿರಲಿಲ್ಲ. ಲತೀಶ, ಅವನ ಹೆಂಡತಿ ಜಯಲತಾ ಸರದಿಯಲ್ಲಿ ರಜೆ ಹಾಕಿದರು. ಗುರುವಾರ ಜಯಲತಾಳ ಬ್ಯಾಂಕಿನಲ್ಲಿ ಇನ್‌ಸ್ಪೆಕ್ಷನ್, ರಜೆ ಸಿಗುವುದಿಲ್ಲ ಎಂದಿದ್ದಳು. ಹೋಟೆಲುಗಳಿಗೆ ಗ್ರೈಂಡರು, ಸ್ಟೀಮರು ಮಾರುವ ಲತೀಶನಿಗೂ ಅಂದು ನೌಪಾಡಾದಲ್ಲಿ ಹೊಸ ಹೋಟೆಲಿನವರ ಜೊತೆ ಮಾತುಕತೆ ಇತ್ತು. ಅಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟ. ಮೊದಲೂ ಒಂದೆರಡು ಸಲ ಹಾಗೆ ಮಾಡಿದ್ದ, ಏನೂ ಆಗಿರಲಿಲ್ಲ.

ಗಲ್ಲಿಯಲ್ಲಿ ಒಂದು ಮರದ ನೆರಳು ನೋಡಿ ಕಾರು ನಿಲ್ಲಿಸಿದ. ಅಮ್ಮನಿಗೆ ಜೋಂಪು ಹತ್ತಿತ್ತು. ಗಾಜನ್ನು ಎರಡು ಬೆರಳಿನಷ್ಟು ಇಳಿಸಿ, ಲಾಕ್ ಮಾಡಿ, ಹತ್ತು ನಿಮಿಷ ಎಂದು ಒಳಗೆ ಹೋದ. ಹೋಟೆಲಿನ ಕೌಶಲ್ ಶೆಟ್ಟಿ ಅಡುಗೆಮನೆಯನ್ನೆಲ್ಲ ತೋರಿಸಿದ. ಅಳತೆ ಆಯಿತು, ಚರ್ಚೆ ಆಯಿತು. ಕೊನೆಗೆ “ಊಟದ ಹೊತ್ತಾಯಿತಲ್ಲ, ಕೂತುಕೊಳ್ಳಿ” ಎಂದ. ಆರ್ಡರು ಕೈಗೆ ಬರುವ ಹೊತ್ತಿನಲ್ಲಿ ಬೇಡ ಎನ್ನಲಾಗಲಿಲ್ಲ. ಏಸಿಯ ತಂಪಿನಲ್ಲಿ ಕೂತು ಲತೀಶ ನೀರುದೋಸೆ ತಿಂದ. ಅಮ್ಮ ಕಾರಿನಲ್ಲಿದ್ದಾಳೆ ಎಂಬುದು ಮರೆತುಹೋಗಿತ್ತು ಎಂದೇನಲ್ಲ. ನೆನಪಿತ್ತು. ಮಲಗಿರಬಹುದು ಎಂದುಕೊಂಡು ಎರಡನೆಯ ಸಲ ಬಡಿಸಿದ್ದನ್ನೂ ತಿಂದ.

ಹೊರಗೆ ಬಂದಾಗ ಮರದ ನೆರಳು ರಸ್ತೆಯ ಆಚೆ ಬದಿಗೆ ಹೋಗಿತ್ತು. ಏಪ್ರಿಲ್ ಬಿಸಿಲು ಕಾರಿನ ಮೇಲೆ ನೇರ ಬೀಳುತ್ತಿತ್ತು. ಎದುರಿನ ಕಟ್ಟಡದ ಕೆಲಸದವಳೊಬ್ಬಳು, ತಲೆಗೆ ಸಿಂಬಿ ಕಟ್ಟಿದವಳು, ಹಿಂಬಾಗಿಲಿಗೆ ಒರಗಿ ನಿಂತು ಬಾಟಲಿಯ ಮುಚ್ಚಳದಲ್ಲಿ ನೀರು ತುಂಬಿ ಗಾಜಿನ ಸಂದಿಯಿಂದ ಒಳಗೆ ಹನಿಸುತ್ತಿದ್ದಳು. ಒಳಗೆ ಅಮ್ಮ ಮುಖ ಮೇಲೆ ಮಾಡಿ ಬಾಯಿ ತೆರೆದಿದ್ದಳು. ಕೂದಲು ಹಣೆಗೆ ಅಂಟಿತ್ತು.

“ನೀರ್ ನೀರ್ ಅನ್ನಾಕತ್ತಿದ್ರು ರೀ” ಎಂದಳು ಆಕೆ, ಅವನ ಕೈಯಲ್ಲಿ ಕೀಲಿ ನೋಡಿ. “ಅದೊಂದ ನಮಗ ತಿಳೀತು, ಕನ್ನಡದಾಗೇ ಮಾತಾಡ್ಸಿದೆ. ಗಾಜು ಒಡೀತೀನಂದ್ರ ಕೆಲಸ ಮಾಡ್ಸೋ ನಮ್ಮ ಮುಕಾದಮ ಬ್ಯಾಡಂದ. ನೀವು ಡ್ರೈವರ್ ಏನ್ರಿ? ಈ ಅಮ್ಮನ ಮಂದಿ ಎಲ್ಲಿ ಹ್ವಾದ್ರು?”

ಲತೀಶ ಬಾಗಿಲು ತೆಗೆದ. ಒಲೆಯ ಬಾಯಿ ತೆಗೆದಂತೆ ಝಳ ಮುಖಕ್ಕೆ ಬಡಿಯಿತು.

“ಹೌದು” ಎಂದ. “ಡ್ರೈವರ್.”

“ಹಿಂಗ್ಯಾಕ ಬಿಟ್ಟು ಹೋಗ್ತಾರ್ರಿ ಮಂದಿ” ಎಂದಳು ಆಕೆ. ಅಷ್ಟರಲ್ಲಿ ಮೇಲಿನಿಂದ ಯಾರೋ “ಸಾಬವ್ವಾ” ಎಂದು ಕೂಗಿದರು. ಉಳಿದ ನೀರಿನ ಬಾಟಲಿಯನ್ನು ಅವನ ಕೈಗೆ ಕೊಟ್ಟು ಹೊರಟುಹೋದಳು.

ಮನೆಗೆ ಬಂದು ಅಮ್ಮನ ಮೈಗೆ ತಣ್ಣೀರು ಹಾಕಿದ, ಗಂಜಿಯ ತಿಳಿ ಕುಡಿಸಿದ. ಬಲಗೈಯ ಎರಡು ಬೆರಳ ಉಗುರು ಮುರಿದು ರಕ್ತ ಹೆಪ್ಪುಗಟ್ಟಿತ್ತು. ಅದಕ್ಕೆ ಪಟ್ಟಿ ಸುತ್ತಿದ. ಸಂಜೆ ಜಯಲತಾ ಕೇಳಿದಾಗ ಬೆರಳು ಬಾಗಿಲಿಗೆ ಸಿಕ್ಕಿತು ಎಂದ. ಅವಳು ನಂಬಿದಳು. ನಂಬದಿರುವುದಕ್ಕೆ ಅವಳಿಗೆ ಕಾರಣವಿರಲಿಲ್ಲ.

ಹೀಗಾಗಿ ಭಾನುವಾರ ಅವನು ಪಾರ್ಕಿಂಗಿನಲ್ಲಿ ಕೂತದ್ದು. ಮೊಬೈಲಿನಲ್ಲಿ ಒಬ್ಬ ಹೇಳಿಕೊಟ್ಟಂತೆ, ಹರಿದ ರೆಕ್ಸಿನ್ನಿನ ಅಡಿಗೆ ಬನಿಯನ್ನಿನ ತುಂಡೊಂದನ್ನು ತೂರಿಸಿ, ರಬ್ಬರ್ ಗೋಂದು ಸವರಿ ಎರಡೂ ಅಂಚು ಸೇರಿಸಬೇಕು. ಒಣಗಿದ ಮೇಲೆ ಪೇಸ್ಟು ತುಂಬಿ ಬಣ್ಣ ಹಚ್ಚಬೇಕು. ಪ್ಲಾಸ್ಟಿಕ್ಕಿನ ಗೀರುಗಳಿಗೆ ಜಯಲತಾಳ ಕೂದಲೊಣಗಿಸುವ ಮೆಷಿನ್ನಿನ ಬಿಸಿಗಾಳಿ ಹಿಡಿದರೆ ಮೇಲಿನವು ಕರಗಿಹೋಗುತ್ತವೆ. ಹಾಗೇ ಆಯಿತು ಸಹ. ಸಣ್ಣ ಗೀರುಗಳು ಅವನ ಕಣ್ಣೆದುರೇ ಮಾಯವಾದವು. ಆಳವಾದವು ಮಾತ್ರ ಹೋಗಲಿಲ್ಲ. ಅವಳಿಗೆ ಇಷ್ಟು ಬಲ ಎಲ್ಲಿಂದ ಬಂತು ಎಂದು ಅವನಿಗೆ ಆಶ್ಚರ್ಯವಾಯಿತು. ಎರಡು ಕೈಯಲ್ಲಿ ಚಹಾದ ಲೋಟ ಎತ್ತಲಾರದವಳು.

ಹರಿದ ಸ್ಪಂಜನ್ನು ಒಳಗೆ ತುರುಕುವಾಗ ಬೆರಳಿಗೆ ಏನೋ ಚುಚ್ಚಿತು. ತೆಗೆದು ನೋಡಿದರೆ ಉಗುರಿನ ಚೂರು, ಬುಡದಲ್ಲಿ ಕಂದುಗಟ್ಟಿದ ರಕ್ತ. ಅದನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಅಂಗೈಯಲ್ಲಿ ಇಟ್ಟುಕೊಂಡು ಕೂತ.

“ತಿಂಡಿಗೆ ಎಷ್ಟು ಸಲ ಫೋನ್ ಮಾಡುವುದು?” ಎನ್ನುತ್ತ ಜಯಲತಾ ಬಂದಳು. ಬೆಡ್‌ಶೀಟಿನ ಮೇಲಿದ್ದುದನ್ನು ನೋಡಿದಳು. ಅವನ ಅಂಗೈ ನೋಡಿದಳು.

“ಅಮ್ಮನದಾ?”

ಅವನು ಅಂಗೈ ಮುಚ್ಚಿದ.

“ಬಾಗಿಲಿಗೆ ಸಿಕ್ಕಿತು ಅಂದಿರಲ್ಲ.”

“ಹತ್ತು ನಿಮಿಷ ಅಂತ ಹೋದದ್ದು. ಸ್ವಲ್ಪ ತಡ ಆಯಿತು.”

“ಎಷ್ಟು ತಡ?”

“ಅರ್ಧ ಗಂಟೆ ಇರಬಹುದು.”

ಅವಳು ಬಗ್ಗಿ ಆ ಗೀರುಗಳ ಮೇಲೆ ತನ್ನ ಬೆರಳುಗಳನ್ನಿಟ್ಟಳು. ನಾಲ್ಕೂ ಬೆರಳು ನಾಲ್ಕೂ ಗೀರಿನಲ್ಲಿ ಕೂತವು. ತಕ್ಷಣ ಕೈ ಹಿಂದಕ್ಕೆ ತೆಗೆದುಕೊಂಡಳು.

“ಎರಡು ದಿನದಿಂದ ಅಮ್ಮನಿಗೆ ಮೂತ್ರವೇ ಸರಿ ಹೋಗ್ತಾ ಇಲ್ಲ. ನಾನು ಸೆಖೆಗೆ ಅಂತ ಭಾವಿಸಿದೆ. ಬೆಳಿಗ್ಗೆಯಿಂದ ಮೈ ಬಿಸಿ ಉಂಟು. ಬೇಗ ಇದನ್ನು ಜೋಡಿಸಿ, ಡಾಕ್ಟರ ಹತ್ತಿರ ಹೋಗುವ.”

ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ. ಅವಳು ಬೈಯಲಿಲ್ಲ. ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಹೋದಳು.

ಅವನು ಅವಸರದಲ್ಲಿ ಅರ್ಧ ಒಣಗಿದ ಡೋರ್ ಪ್ಯಾಡನ್ನು ಹೇಗೋ ಹಾಗೆ ಬಡಿದು ಕೂರಿಸಿದ. ಒಂದು ಕ್ಲಿಪ್ ಮುರಿಯಿತು. ಆದರೂ ದೂರದಿಂದ ನೋಡಿದರೆ ಏನೂ ಆಗಿಲ್ಲದಂತೆಯೇ ಕಾಣುತ್ತಿತ್ತು.

ಪದ್ಮಾವತಿಯನ್ನು ಇಬ್ಬರೂ ಹಿಡಿದು ಕೆಳಗೆ ತಂದರು. ಕಾರೆಂದರೆ ಚಪ್ಪಲಿಯನ್ನೂ ಹಾಕದೆ ಬರುತ್ತಿದ್ದವಳು ಹಿಂಬಾಗಿಲು ತೆರೆದದ್ದು ಕಂಡದ್ದೇ ಪಾರ್ಕಿಂಗಿನ ಕಂಬವನ್ನು ತಬ್ಬಿಕೊಂಡಳು. ಕೂಗಲಿಲ್ಲ, ಅಳಲಿಲ್ಲ, ಬಿಡಲೂ ಇಲ್ಲ. ಲತೀಶ ಅವಳ ಬೆರಳುಗಳನ್ನು ಬಿಡಿಸಲು ಹೋದಾಗ ಪಟ್ಟಿ ಸುತ್ತಿದ ಬೆರಳೇ ಅವನ ಕೈಗೆ ಬಂತು. ಅವನು ಬಿಟ್ಟುಬಿಟ್ಟ.

“ಬೇಡ” ಎಂದಳು ಜಯಲತಾ. “ರಿಕ್ಷಾ ತನ್ನಿ.”

ಆಸ್ಪತ್ರೆಯಲ್ಲಿ ಚಿಕ್ಕ ಪ್ರಾಯದ ಡಾಕ್ಟರು ರಕ್ತದ ರಿಪೋರ್ಟು ನೋಡುತ್ತ ಹಿಂದಿಯಲ್ಲಿ ಕೇಳಿದ: ಕಿಡ್ನಿಗೆ ಪೆಟ್ಟಾಗಿದೆ, ಇನ್‌ಫೆಕ್ಷನ್ನೂ ಇದೆ. ಈ ವಾರದಲ್ಲಿ ಇವರು ಎಲ್ಲಾದರೂ ನೀರಿಲ್ಲದೆ ಬಿಸಿಲಿನಲ್ಲಿ ಇದ್ದರೇ?

“ಇಲ್ಲ” ಎಂದ ಲತೀಶ.

ಡಾಕ್ಟರು ಬರೆದುಕೊಳ್ಳಲು ತೊಡಗಿದ.

“ಇದ್ದರು” ಎಂದಳು ಜಯಲತಾ, ಹಿಂದಿಯಲ್ಲೇ. “ಗುರುವಾರ. ಗಾಜು ಹಾಕಿದ ಕಾರಿನಲ್ಲಿ.”

“ಎಷ್ಟು ಹೊತ್ತು?”

ಅವಳು ಗಂಡನ ಕಡೆ ತಿರುಗಿದಳು. “ಹೇಳಿ. ಅವರಿಗೆ ಸರಿಯಾದದ್ದು ಗೊತ್ತಾಗಬೇಕು.”

ಲತೀಶ ಗೋಡೆಗೆ ಅಂಟಿಸಿದ್ದ ಲಸಿಕೆಯ ಪೋಸ್ಟರು ನೋಡಿದ. “ಒಂದೂವರೆ ಗಂಟೆ” ಎಂದ. “ಅದಕ್ಕೂ ಸ್ವಲ್ಪ ಜಾಸ್ತಿ.”

ಡಾಕ್ಟರು ಅವನನ್ನು ಒಮ್ಮೆ ನೋಡಿ, ಮೊದಲು ಬರೆದದ್ದನ್ನು ಹೊಡೆದುಹಾಕಿದ. ಜಯಲತಾ ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಹೋದಳು.

ಪದ್ಮಾವತಿ ಬದುಕಿದಳು. ಆದರೆ ಅಲ್ಲಿಂದ ಎದ್ದು ನಡೆಯಲಿಲ್ಲ. ಹೊಟ್ಟೆಗೆ ಹೋಗುವುದು ಮೂಗಿಗೆ ಹಾಕಿದ ನಳಿಕೆಯಲ್ಲಿ. ಊರಿನ ಹೆಸರು, ಬಸ್ಸಿನ ಮಾತು ಎಲ್ಲ ನಿಂತುಹೋಯಿತು. ಡಿಸ್ಚಾರ್ಜಿನ ಹಿಂದಿನ ದಿನ ಜ್ಯೋತ್ಸ್ನಾ ಖಾರ್ಘರಿನಿಂದ ಬಂದಳು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಲತೀಶ ತಾನಾಗಿಯೇ ಅವಳಿಗೆ ಹೇಳಿದ. ಗಾಜಿನ ಸಂದಿ, ನೆರಳು, ಊಟ, ಎಲ್ಲವನ್ನೂ ಹೇಳಿದ. ಡ್ರೈವರ್ ಎಂದದ್ದನ್ನು ಮಾತ್ರ ಹೇಳಲಿಲ್ಲ. ಅದನ್ನು ಅವನು ಯಾರಿಗೂ ಹೇಳಲಿಲ್ಲ.

ಜ್ಯೋತ್ಸ್ನಾ ಚಹಾದ ಲೋಟವನ್ನು ಬದಿಗೆ ಸರಿಸಿದಳು.

“ನನ್ನಲ್ಲಿ ಜಾಗ ಇಲ್ಲ, ಮಕ್ಕಳ ಪರೀಕ್ಷೆ ಅಂತ ನಾನೂ ಎರಡು ವರ್ಷ ಜಾರಿಕೊಂಡೆ” ಎಂದಳು. “ಅದಕ್ಕೆ ನಾನು ನಿನಗೆ ಹೆಚ್ಚು ಹೇಳಲಿಕ್ಕಿಲ್ಲ ಅಣ್ಣ. ನಾಳೆ ಅಮ್ಮ ನನ್ನ ಮನೆಗೆ ಬರಲಿ.”

“ನಾವೇ ನೋಡಿಕೊಳ್ತೇವೆ.”

“ಬೇಡ.”

ಮರುದಿನ ಆಂಬ್ಯುಲೆನ್ಸಿನಲ್ಲಿ ಒಬ್ಬರಿಗೇ ಜಾಗ ಎಂದರು. ಜ್ಯೋತ್ಸ್ನಾ ಹತ್ತಿದಳು. ಲತೀಶ, ಜಯಲತಾ ಕಾರಿನಲ್ಲಿ ಹಿಂದೆ ಹೊರಟರು. ಹಿಂದಿನ ಸೀಟಿನ ತುಂಬ ಡೈಪರಿನ ಕಟ್ಟು, ಅಮ್ಮನ ಸೀರೆಗಳು, ಗಾಳಿ ತುಂಬುವ ಹಾಸಿಗೆ. ದಾರಿಯಲ್ಲಿ ಐರೋಲಿ ದಾಟಿತು.

“ಆ ದಿನ ರಜೆ ಸಿಗುವುದಿಲ್ಲ ಅಂದೆ ನಾನು” ಎಂದಳು ಜಯಲತಾ. “ಮ್ಯಾನೇಜರ ಹತ್ತಿರ ಕೇಳಿಯೇ ಇರಲಿಲ್ಲ.”

ಲತೀಶ ಗೇರು ಬದಲಿಸಿದ. ರಸ್ತೆ ನೋಡುತ್ತ ಓಡಿಸಿದ.

ಜ್ಯೋತ್ಸ್ನಾಳ ಮನೆಯಲ್ಲಿ ಅಮ್ಮನನ್ನು ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿಸಿದ್ದರು. ಲತೀಶ ಸಾಮಾನು ಒಂದೊಂದೇ ತಂದಿಟ್ಟು, ಹಾಸಿಗೆಗೆ ಗಾಳಿ ತುಂಬಿ, ಪ್ಲಗ್ ಕೆಲಸ ಮಾಡುತ್ತದೋ ನೋಡಿದ. ಹೊರಡುವಾಗ ಮಂಚದ ಹತ್ತಿರ ನಿಂತು “ಅಮ್ಮ, ಬರ್ತೇನೆ” ಎಂದ. ಅವಳ ಕಣ್ಣು ಫ್ಯಾನಿನ ಮೇಲಿತ್ತು.

ಜ್ಯೋತ್ಸ್ನಾ ಬಾಗಿಲ ತನಕ ಬಂದಳು. ಅತ್ತಿಗೆ ಲಿಫ್ಟಿನ ಹತ್ತಿರ ಹೋದದ್ದನ್ನು ನೋಡಿ ದನಿ ತಗ್ಗಿಸಿದಳು.

“ಅಣ್ಣ, ಬರುವ ಮೊದಲು ಒಂದು ಫೋನ್ ಮಾಡು. ನಾನು ಇಲ್ಲದಾಗ ಬರಬೇಡ. ಬರುವಾಗ ಅತ್ತಿಗೆಯನ್ನು ಕರಕೊಂಡೇ ಬಾ.”

ಅವಳ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ನೀರಿನ ಟ್ಯಾಂಕರು ಎಷ್ಟು ಗಂಟೆಗೆ ಬರುತ್ತದೆ ಎಂದು ಹೇಳುವಂತೆ ಹೇಳಿದ್ದಳು.

ಲತೀಶ ಆಯಿತು ಎಂದ. ಮೆಟ್ಟಿಲ ಹತ್ತಿರ ಬಿಟ್ಟಿದ್ದ ಚಪ್ಪಲಿಯನ್ನು ಕಾಲಿಗೆ ಸೇರಿಸಿಕೊಂಡು ಲಿಫ್ಟಿನ ಕಡೆ ನಡೆದ.