ಅಮ್ಮನ ಬೆಂಕಿಪೊಟ್ಟಣ

"ಅಜ್ಜೀ, ಸ್ವಲ್ಪ ಎದ್ದು ಮಂಚದ ಮೇಲೆ ಕೂತ್ಕೋತೀರಾ? ಈ ಕುರ್ಚಿಗೂ ಒಂದ್ಸಲ ಮೈ ತಪಾಸಣೆ ಆಗಿಬಿಡ್ಲಿ," ಎಂದ ಔಷಧಿ ಹೊಡೆಯುವವನು.

ಅವನನ್ನು ಕರೆಸಿದ್ದು ಅಡುಗೆಮನೆಯ ಜಿರಳೆಗಳಿಗಾಗಿ. ಸಿಂಕಿನ ಕೆಳಗೆ, ಫ್ರಿಜ್ಜಿನ ಹಿಂದೆ, ಕಪಾಟಿನ ಸಂದಿಗಳಲ್ಲಿ ಸಾಸಿವೆ ಕಾಳಿನಷ್ಟಷ್ಟೇ ಅಂಟು ಮದ್ದಿಟ್ಟು ಆ ಕೆಲಸ ಮುಗಿಸಿದ್ದ. ಆದರೆ ಉಳಿದ ಕೋಣೆಗಳನ್ನೂ ಒಂದು ಸುತ್ತು ನೋಡದೆ ಹೊರಡುವವನಲ್ಲ. ಮಗಳು ಬಾಗಿಲಿಗೆ ಅಡ್ಡ ನಿಂತು, "ಅಮ್ಮನ ಕೋಣೆ ಬೇಡ. ಅಲ್ಲಿ ಹುಳದ ಮಾತೇ ಎತ್ತಬಾರದು ಅಂತ ಡಾಕ್ಟರು ಹೇಳಿದಾರೆ," ಎಂದಿದ್ದಳು. "ಮಾತಾಡಲ್ಲ ಅಕ್ಕ, ಬರೀ ನೋಡ್ತೀನಿ," ಎಂದು ಅವನು ಒಳಗೆ ಬಂದೇಬಿಟ್ಟಿದ್ದ.

ಈಗ ಬೆತ್ತದ ಕುರ್ಚಿಯನ್ನು ಬೋರಲು ಹಾಕಿ, ಟಾರ್ಚ್ ಬಿಟ್ಟು, ಹಳೆಯ ಕಾರ್ಡೊಂದರ ಅಂಚನ್ನು ಹೆಣಿಗೆಯ ಸಂದಿಯಲ್ಲಿ ಎಳೆದ. ಕಾರ್ಡಿನ ಮೇಲೆ ಪೆನ್ನಿನ ಮೊನೆ ಊರಿದಂಥ ಕಪ್ಪು ಚುಕ್ಕೆಗಳು ಬಂದವು. ಅವುಗಳ ಜೊತೆಗೆ ಕಂದು ಬಣ್ಣದ್ದೊಂದು, ಚಪ್ಪಟೆಯಾದದ್ದು, ಕಾಲಾಡಿಸುತ್ತಿತ್ತು.

"ತಿಗಣೆ," ಎಂದ ಮೆಲ್ಲಗೆ.

"ಸಾಧ್ಯವೇ ಇಲ್ಲ. ಹಾಸಿಗೆಯ ಹೊಲಿಗೆ ಬಿಚ್ಚಿ ನಾನೇ ನೋಡಿದೀನಿ. ಎರಡು ಸಲ," ಎಂದಳು ಮಗಳು.

"ಹಾಸಿಗೆ ನೋಡಿದ್ರಿ ಸರಿ. ಅಜ್ಜಿ ಬೆಳಗಿಂದ ಸಂಜೆ ತನಕ ಕೂರೋದೆಲ್ಲಿ?"

ಮಗಳ ಕಣ್ಣು ಬೋರಲಾದ ಕುರ್ಚಿಯ ಕಡೆ ಹೋಯಿತು. ಮುದ್ರಣಾಲಯದಲ್ಲಿ ಹನ್ನೊಂದು ವರ್ಷದಿಂದ ಕರಡು ತಿದ್ದುತ್ತಿದ್ದವಳು ಅವಳು. ನಾಲ್ಕು ತಿಂಗಳ ಹಿಂದೆ ಅಮ್ಮ ತೊಡೆಯ ಮೇಲಿನ ಕೆಂಪು ಗಂಧೆಗಳನ್ನು ತೋರಿಸಿ ರೇಗಿದ್ದಳು. "ಬೇರೆಯವರ ಅಲ್ಪವಿರಾಮ ತಪ್ಪಿದ್ರೆ ನಿಂಗೆ ಕಾಣತ್ತೆ. ನನ್ನ ಮೈಮೇಲಿನ ಹುಳ ಕಾಣಲ್ವೇನೇ?" ಸೆಖೆಯ ಗುಳ್ಳೆ ಎಂದಿದ್ದಳು ಮಗಳು. ಆಮೇಲೆ ಸೊಳ್ಳೆ ಎಂದಳು. ಕೊನೆಗೆ ಅಮ್ಮ ಸಾಕ್ಷಿಯನ್ನೇ ಕೂಡಿಹಾಕತೊಡಗಿದಳು, ಖಾಲಿ ಬೆಂಕಿಪೊಟ್ಟಣದಲ್ಲಿ. ನೂಲಿನ ತುಂಡು, ಬ್ರೆಡ್ಡಿನ ಪುಡಿ, ಈರುಳ್ಳಿ ಸಿಪ್ಪೆಯ ಚೂರಿನಂಥದ್ದೇನೋ ಒಂದೆರಡು. ಮಗಳು ಅದನ್ನು ಡಾಕ್ಟರಿಗೆ ತೋರಿಸಿದಳು, ಹುಳಕ್ಕೆ ಸಾಕ್ಷಿಯೆಂದಲ್ಲ, ಅಮ್ಮನ ಭ್ರಮೆಗೆ ಸಾಕ್ಷಿಯೆಂದು. ಅವರು ತೆರೆದು, ಮುಚ್ಚಿ, ಮೇಜಿನ ಈಚೆಗೆ ಸರಿಸಿದರು. ಇಂಥ ಪೊಟ್ಟಣ ಹಿಡಿದು ಬರುವವರು ಬೇಕಾದಷ್ಟಿದ್ದಾರೆ, ಈ ವಯಸ್ಸಿನಲ್ಲಿ ಮನಸ್ಸು ಹೀಗೆಲ್ಲ ಆಟವಾಡುತ್ತದೆ ಎಂದು ಮಾತ್ರೆ ಬರೆದುಕೊಟ್ಟರು.

ಮಾತ್ರೆಯ ಜೊತೆಗೆ ಮಗಳ ಪಾಠವೂ ನಡೆಯಿತು. "ಏನಾದ್ರೂ ಹರಿದಾಡಿದ ಹಾಗಾದ್ರೆ ಕಣ್ಣು ಮುಚ್ಚಿ ಹತ್ತು ಎಣಿಸಮ್ಮ. ಅದು ನಿಜ ಅಲ್ಲ." ಅಮ್ಮ ಮೊದಲು ಜಗಳವಾಡಿದಳು, ಆಮೇಲೆ ಅತ್ತಳು, ಆಮೇಲೆ ಎಣಿಸಲು ಕಲಿತಳು. ಈಗ ಒಂದು ತಿಂಗಳಿಂದ ದೂರಿಲ್ಲ. "ಅಮ್ಮ ಎಷ್ಟೋ ವಾಸಿ," ಎಂದು ಮೊನ್ನೆಯಷ್ಟೇ ಮಗಳು ಅಣ್ಣನಿಗೆ ಫೋನಿನಲ್ಲಿ ಹೇಳಿದ್ದಳು.

ಔಷಧಿಯವನು ಕಾರ್ಡಿನ ತುದಿಯಿಂದ ಏನನ್ನೋ ಎತ್ತಿ ಅವಳ ಅಂಗೈಗೆ ಹಾಕಿದ. ತೆಳ್ಳಗೆ, ಹೊಂಬಣ್ಣಕ್ಕೆ, ಊದಿದರೆ ಹಾರಿಹೋಗುವಂತಿತ್ತು. "ಇದು ಪೊರೆ ಅಕ್ಕ. ಮರಿ ದೊಡ್ಡದಾಗೋ ಅಷ್ಟರಲ್ಲಿ ಐದು ಸಲ ಕಳಚತ್ತೆ. ಗೊತ್ತಿಲ್ದೋರು ಈರುಳ್ಳಿ ಸಿಪ್ಪೆ ಅಂದ್ಕೋತಾರೆ."

ಅವಳು ಅಂಗೈಯನ್ನು ಬೆಳಕಿಗೆ ಹಿಡಿದು ಕೇಳಿದಳು. "ಹಾಗಾದ್ರೆ ನಂಗ್ಯಾಕೆ ಕಚ್ಚಲಿಲ್ಲ?"

"ನೀವು ಇದ್ರಲ್ಲಿ ಕೂತಿದ್ರೆ ತಾನೇ?"

ಅವನು ಕುರ್ಚಿಯನ್ನು ಬಾಲ್ಕನಿಗೆ ಒಯ್ದು ಸಂದಿಸಂದಿಗೂ ಬಿಸಿ ಹಬೆ ಹಾಯಿಸಿದ. ಅಂಗಡಿ ಸ್ಪ್ರೇ ಹೊಡೆಯಬೇಡಿ, ಚದುರಿಹೋಗಿ ಗೋಡೆ ಸೇರುತ್ತವೆ ಎಂದ. ಉಳಿದ ಮೊಟ್ಟೆಗಳು ಒಡೆಯುತ್ತವೆ, ಎರಡು ವಾರ ಬಿಟ್ಟು ಮತ್ತೆ ಬರುತ್ತೇನೆ ಎಂದ. ಬಾಗಿಲ ಬಳಿ ಅವಳು, "ಆ ಮಾತ್ರೆ?" ಎಂದಳು, ಅವನಿಗೇ ಗೊತ್ತಿರುವಂತೆ.

"ಅದು ನನ್ನ ಇಲಾಖೆ ಅಲ್ಲ ಅಕ್ಕ," ಎಂದು ಅವನು ಚಪ್ಪಲಿ ಮೆಟ್ಟಿದ.

ಡಾಕ್ಟರ ಕ್ಲಿನಿಕ್ಕಿಗೆ ಫೋನು ಮಾಡಿದಾಗ ಅಲ್ಲಿಯ ಹುಡುಗಿ, ಮಾತ್ರೆ ಒಮ್ಮೆಲೇ ನಿಲ್ಲಿಸುವ ಹಾಗಿಲ್ಲ, ಗುರುವಾರ ಕರೆದುಕೊಂಡು ಬನ್ನಿ ಎಂದಳು. ಅವತ್ತು ಇನ್ನೂ ಶುಕ್ರವಾರ.

ಅಮ್ಮ ಮಂಚದ ಅಂಚಿನಲ್ಲಿ ಶಾಲು ಹೊದ್ದು, ಬಸ್ಸಿಗೆ ಕಾಯುವವಳಂತೆ ಕೂತಿದ್ದಳು. ಮಗಳು ಅವಳ ಮುಂದೆ ಮಂಡಿಯೂರಿದಳು.

"ಅಮ್ಮಾ, ನೀನು ಹೇಳಿದ್ದೇ ನಿಜ ಕಣೇ. ಕುರ್ಚಿ ತುಂಬ ತಿಗಣೆ. ನಂದೇ ತಪ್ಪು."

ಅಮ್ಮ ಅವಳನ್ನು ಬಹಳ ಹೊತ್ತು ನೋಡಿದಳು. ಆ ನೋಟ ಮಗಳಿಗೆ ಗೊತ್ತಿತ್ತು. ನಾಲ್ಕು ತಿಂಗಳು ಅವಳು ಅಮ್ಮನನ್ನು ನೋಡಿದ್ದು ಹಾಗೆಯೇ.

"ಅಯ್ಯೋ, ನಿಂಗೂ ಶುರುವಾಯ್ತೇನೇ?" ಅಮ್ಮ ಅವಳ ಕೂದಲು ನೇವರಿಸಿದಳು. "ಹೆದರ್ಕೋಬೇಡ. ನಂಗೂ ಹಿಂಗೇ ಆಗ್ತಿತ್ತು. ಎಣಿಸಿದ್ರೆ ಹೋಗತ್ತೆ."

ಶಾಲಿನ ಮಡಿಕೆಯಿಂದ ಒಂದು ತಿಗಣೆ ಹೊರಬಂದು ಅಮ್ಮನ ಮಣಿಕಟ್ಟಿನ ಕಡೆ ಹೊರಟಿತು. ಅಮ್ಮನೂ ಅದನ್ನು ನೋಡಿದಳು. ಕಣ್ಣು ಮುಚ್ಚಿ, "ಒಂದು, ಎರಡು," ಎಂದು ಶುರುಮಾಡಿದಳು. ಮಗಳು ಅದನ್ನು ಎರಡು ಬೆರಳಲ್ಲಿ ಹಿಡಿದು ಮುಷ್ಟಿ ಬಿಗಿದಳು.

ಅಮ್ಮ ಅವಸರವಿಲ್ಲದೆ ಹತ್ತರ ತನಕ ಎಣಿಸಿ ಕಣ್ಣು ತೆರೆದಳು. ಬರಿದಾಗಿದ್ದ ಕೈಯನ್ನು ಆಚೆ ಈಚೆ ತಿರುಗಿಸಿ ಮಗಳಿಗೆ ತೋರಿಸಿದಳು.

"ನೋಡಿದ್ಯಾ? ಏನೂ ಇಲ್ಲ."